ಒಳಗೆ ಬಿಟ್ಟ ಒಂದಂಗುಲ

ಮನೆಯಲ್ಲಿ ಹೊಲಿದ ಹಳೆಯ ಖಣದ ರವಿಕೆಯೊಂದು ಪೆಟ್ಟಿಗೆಯ ತಳದಲ್ಲಿ ಸಿಕ್ಕರೆ ಹೊರಮೈಯ ಚಂದ ನೋಡಿ ಮಡಚಿಡಬೇಡಿ. ಒಳಮಗ್ಗುಲನ್ನು ಹೊರಗೆ ಮಾಡಿ, ಕಂಕುಳಿನಿಂದ ಕೆಳಗಿಳಿಯುವ ಪಕ್ಕದ ಹೊಲಿಗೆಯನ್ನು ಬೆಳಕಿಗೆ ಹಿಡಿಯಿರಿ. ಅಲ್ಲಿ ಎರಡು ಅಥವಾ ಮೂರು ಸಾಲು ಹೊಲಿಗೆ ಒಂದರ ಪಕ್ಕ ಒಂದು ಓಡಿರುತ್ತದೆ. ಅವುಗಳ ಆಚೆಗೂ ಅಂಗುಲದಷ್ಟು ಬಟ್ಟೆ ಉಳಿದಿರುತ್ತದೆ. ಮೈಗೆ ಹತ್ತಿರದ ಸಾಲನ್ನು ಯಾವಾಗಲೋ ಬಿಚ್ಚಿದ್ದರೆ ಸೂಜಿ ಹಾದ ತೂತುಗಳು ಚುಕ್ಕಿಚುಕ್ಕಿಯಾಗಿ ಕಾಣುತ್ತವೆ. ಬಿಸಿಲು ಕಾಣದೆ ಒಳಗೇ ಉಳಿದಿದ್ದ ಆ ಪಟ್ಟಿಯ ಬಣ್ಣ ಮಾತ್ರ ಅಂಗಡಿಯಿಂದ ತಂದ ದಿನದಷ್ಟೇ ಗಾಢವಾಗಿರುತ್ತದೆ. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಇರುವುದು ಕಾಲು ಅಂಗುಲ. ಆದರೆ ಮುಂಭಾಗ ಹಿಂಭಾಗದ ಎರಡು ಪದರ, ಎಡ ಬಲದ ಎರಡು ಮಗ್ಗುಲು ಸೇರಿದರೆ ಒಂದು ಸಾಲು ಬಿಚ್ಚಿದ ಮಾತ್ರಕ್ಕೆ ಸುತ್ತಳತೆಯಲ್ಲಿ ಒಂದು ಅಂಗುಲ ಸಿಗುತ್ತದೆ. ಎರಡು ಸಾಲು ಬಿಚ್ಚಿದರೆ ಎರಡು ಅಂಗುಲ. ಮದುವೆಯ ವರ್ಷದ ರವಿಕೆ ಬಾಣಂತನದ ನಂತರವೂ ಮೈಗೆ ಆಗುತ್ತಿದ್ದುದು ಈ ಲೆಕ್ಕದಿಂದ. ಹೊಲಿದವಳಿಗೆ ಗೊತ್ತಿತ್ತು, ಮೈ ಒಂದೇ ತರ ಇರುವುದಿಲ್ಲ ಎಂದು. ಮನೆಯಲ್ಲಿ ಬಟ್ಟೆ ಹೊಲಿದುಕೊಳ್ಳುವುದನ್ನು ಉಳಿತಾಯದ ಉಪಾಯ ಎಂದೋ ಬಿಡುವಿನ ಹವ್ಯಾಸ ಎಂದೋ ಹೊಗಳುವುದುಂಟು. ಅದರ ನಿಜವಾದ ಬೆಲೆ ಇರುವುದು ಈ ಒಳಗೆ ಬಿಟ್ಟ ಒಂದಂಗುಲದಲ್ಲಿ ಎಂಬುದು ನನ್ನ ವಾದ. ಹೊಲಿಯಲು ಬಲ್ಲವರು ಬಟ್ಟೆಯನ್ನು ತಿದ್ದಲೂ ಬಲ್ಲರು. ತಿದ್ದಲು ಬಲ್ಲವರ ಬಟ್ಟೆ ಮೈಯ ಜೊತೆ ಬಾಳುತ್ತದೆ.

ಈಗ ಅಂಗಡಿಯಿಂದ ತಂದ ಕುರ್ತಾವೊಂದನ್ನು ಅದೇ ರೀತಿ ತಿರುಗಿಸಿ ನೋಡಿ. ಪಕ್ಕದ ಹೊಲಿಗೆಯ ಆಚೆ ಉಳಿದಿರುವುದು ಒಂದು ಸೆಂಟಿಮೀಟರಿನ ಆಸುಪಾಸು. ಓವರ್‌ಲಾಕ್ ಯಂತ್ರ ಹೊಲಿಯುತ್ತಲೇ ತನ್ನ ಅಲಗಿನಿಂದ ಅಂಚನ್ನು ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ದಾರ ಸುತ್ತಿ ಮುಗಿಸಿಬಿಡುತ್ತದೆ. ಅಚ್ಚುಕಟ್ಟಾದ ಕೆಲಸ, ಸಂಶಯವಿಲ್ಲ. ಆದರೆ ಬಿಚ್ಚಿ ಸಡಿಲಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ. ಇದರಲ್ಲಿ ಕಾರ್ಖಾನೆಯವರ ದುರುದ್ದೇಶ ಹುಡುಕಬೇಕಾಗಿಲ್ಲ. ಉಡುಪಿನ ತಯಾರಿಕೆಯಲ್ಲಿ ಬಟ್ಟೆಯದೇ ದೊಡ್ಡ ಖರ್ಚು. ಒಂದೊಂದು ಅಂಗಿಗೆ ಅರ್ಧ ಅಂಗುಲ ಹೆಚ್ಚು ಬಿಟ್ಟರೂ ಸಾವಿರಾರು ಅಂಗಿಗಳಿಗೆ ಎಷ್ಟು ಥಾನು ಬೇಕಾದೀತು ಎಂಬುದು ಅವರ ಚಿಂತೆ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಲಕ್ಷಾಂತರ ಮಂದಿ ದುಡಿಯುತ್ತಾರೆ, ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅಲ್ಲಿ ಒಬ್ಬಾಕೆ ದಿನವಿಡೀ ಕಾಲರ್ ಮಾತ್ರ ಕೂಡಿಸುತ್ತಾಳೆ, ಪಕ್ಕದವಳು ತೋಳಿನ ಪಟ್ಟಿ, ಮುಂದಿನವಳು ಕಾಜಾ. ಕೆಲಸ ಹಾಗೆ ಹಂಚಿಹೋಗಿರುವುದರಿಂದ ವೇಗ ಬರುತ್ತದೆ. ಆದರೆ ಆ ಅಂಗಿಯನ್ನು ಯಾರು ತೊಡುತ್ತಾರೆ, ಮುಂದಿನ ವರ್ಷ ಅವರ ಮೈ ಹೇಗಿರುತ್ತದೆ ಎಂದು ಯೋಚಿಸುವ ಜಾಗ ಆ ಸಾಲಿನಲ್ಲಿ ಯಾರಿಗೂ ಇಲ್ಲ.

ಅಳತೆಯ ಸಂಗತಿ ಇನ್ನೂ ಗಂಭೀರ. ಎಸ್, ಎಂ, ಎಲ್ ಎಂಬ ಗುರುತುಗಳು ನಮ್ಮ ಅಂಗಡಿಗಳಲ್ಲಿ ದಶಕಗಳಿಂದ ಇದ್ದರೂ ಅವುಗಳ ಹಿಂದಿನ ಪಟ್ಟಿಗಳು ಬಹುಮಟ್ಟಿಗೆ ಅಮೆರಿಕ, ಯುರೋಪಿನವರ ಮೈಕಟ್ಟಿನಿಂದ ಬಂದವು. ಭಾರತೀಯರ ಮೈಯಳತೆಗೇ ಹೊಂದುವ ಪಟ್ಟಿ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ‘ಇಂಡಿಯಾಸೈಜ್’ ಎಂಬ ಯೋಜನೆ ಕೈಗೆತ್ತಿಕೊಂಡಿತು. ದೇಶದ ಬೇರೆ ಬೇರೆ ನಗರಗಳಲ್ಲಿ 25,000 ಜನರನ್ನು ಸ್ಕ್ಯಾನರ್‌ ಮುಂದೆ ನಿಲ್ಲಿಸಿ ಅಳೆಯುವುದು ಅದರ ಗುರಿಯಾಗಿತ್ತು. ಒಳ್ಳೆಯ ಕೆಲಸ, ಬೇಕಾದ ಕೆಲಸ. ಆದರೂ ಯಾವ ಪಟ್ಟಿಯೂ ಸರಾಸರಿಯನ್ನು ಹೇಳಬಲ್ಲದೇ ಹೊರತು ಒಂದು ಭುಜ ತುಸು ಇಳಿದಿರುವವರನ್ನು, ಬೆನ್ನು ಬಾಗಿದವರನ್ನು, ಶಸ್ತ್ರಚಿಕಿತ್ಸೆಯ ನಂತರ ತೋಳೆತ್ತಲಾಗದವರನ್ನು ಕಾಣಲಾರದು. 2024ರಲ್ಲಿ ತೆರೆಕಂಡ ‘ರವಿಕೆ ಪ್ರಸಂಗ’ ಸಿನಿಮಾ ಸರಿಯಾಗಿ ಕೂರದ ಒಂದು ರವಿಕೆಯ ಸುತ್ತಲೇ ಕಥೆ ಕಟ್ಟಿತು. ಅಳತೆ ತಪ್ಪಿದ ಬಟ್ಟೆಯ ಕಿರಿಕಿರಿ ಸಣ್ಣ ಸಂಗತಿಯಲ್ಲ ಎಂಬುದು ಪ್ರೇಕ್ಷಕರಿಗೆ ವಿವರಿಸದೆಯೇ ಗೊತ್ತಿರುವ ವಿಷಯ.

ಚರಿತ್ರೆಯನ್ನು ಇಲ್ಲಿ ಚುಟುಕಾಗಿಯೇ ಹೇಳಬೇಕು. ಸೂಜಿಯ ಕಸುಬು ನಮ್ಮಲ್ಲಿ ಹಳೆಯದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನೇ ಇದ್ದಾನೆ. ಯಂತ್ರ ಬಂದದ್ದು ತೀರ ಈಚೆಗೆ. ಫ್ರಾನ್ಸಿನ ತಿಮೋನಿಯೆ 1830ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ಹೊಟ್ಟೆಪಾಡು ಹೋದೀತೆಂದು ಹೆದರಿದ ಪ್ಯಾರಿಸ್ಸಿನ ದರ್ಜಿಗಳು ಮರುವರ್ಷ ಅವನ ಯಂತ್ರಗಳನ್ನು ಒಡೆದುಹಾಕಿದರು. ಮೇಲೊಂದು ದಾರ, ಕೆಳಗೆ ಬಾಬಿನ್ನಿನ ದಾರ ಸೇರಿ ಗಂಟುಬೀಳುವ ಈಗಿನ ಹೊಲಿಗೆಗೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ. ಐಸಾಕ್ ಸಿಂಗರ್ 1851ರಲ್ಲಿ ಯಂತ್ರವನ್ನು ಬಳಕೆಗೆ ಸುಲಭ ಮಾಡಿದ. ಐದು ವರ್ಷದಲ್ಲಿ ಅವನ ಕಂಪನಿ ಕಂತಿನ ಮಾರಾಟ ಶುರು ಮಾಡಿ ಯಂತ್ರವನ್ನು ಮನೆಯೊಳಗೆ ತಂದಿತು. 1930ರ ದಶಕದ ನಡುವಿನಲ್ಲಿ ಕಲ್ಕತ್ತೆಯಲ್ಲಿ ‘ಉಷಾ’ ಹೊಲಿಗೆ ಯಂತ್ರ ಹುಟ್ಟಿತು. ಮುಂದಿನದು ಓದುಗರಿಗೆ ಗೊತ್ತೇ ಇದೆ. ಗಮನಿಸಬೇಕಾದ ಮಾತು ಒಂದಿದೆ. ಯಂತ್ರಗಳ ವ್ಯಾಮೋಹವನ್ನು ಕಟುವಾಗಿ ಟೀಕಿಸುತ್ತಿದ್ದ ಗಾಂಧೀಜಿ 1924ರ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಮಾತ್ರ ಹೊರಗಿಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ ಸಿಂಗರ್ ಅದನ್ನು ಕಂಡುಹಿಡಿದ ಎಂಬುದು ಅವರು ಕೊಟ್ಟ ಕಾರಣ. ಚರಿತ್ರೆ ಈ ಕಥೆಯನ್ನು ಬೆಂಬಲಿಸುವುದಿಲ್ಲ. ಸಿಂಗರ್ ಬೋಸ್ಟನ್ನಿನಲ್ಲಿ ರಿಪೇರಿಗೆ ಬಂದಿದ್ದ ಬೇರೆಯವರ ಯಂತ್ರವನ್ನು ನೋಡಿ ಸುಧಾರಿಸಿದವನು, ವ್ಯಾಪಾರ ಅವನ ಉದ್ದೇಶವಾಗಿತ್ತು. ಆದರೂ ಗಾಂಧೀಜಿಯವರ ತೀರ್ಪು ಸರಿಯಾಗಿಯೇ ಇತ್ತು ಎಂದು ನನಗನಿಸುತ್ತದೆ. ಮನೆಯಲ್ಲಿ ಕೂತ ಹೊಲಿಗೆ ಯಂತ್ರ ಕೈಗೆ ವೇಗ ಕೊಟ್ಟಿತು, ಯಾರಿಗೆ ಹೊಲಿಯುತ್ತಿದ್ದೇವೆ ಎಂಬ ತಿಳಿವನ್ನು ಕಸಿದುಕೊಳ್ಳಲಿಲ್ಲ. ಎಷ್ಟು ಬಟ್ಟೆ ಒಳಗೆ ಬಿಡಬೇಕೆಂಬುದು ಹೊಲಿಯುವವರ ನಿರ್ಧಾರವಾಗಿಯೇ ಉಳಿಯಿತು.

ಈ ವಾದಕ್ಕೆ ನನಗೆ ಸಿಗುವ ಅತಿ ಚಂದದ ಸಾಕ್ಷಿ ಉತ್ತರ ಕರ್ನಾಟಕದ ಕುಂಚಿಗೆ. ಹಸುಗೂಸಿನ ತಲೆಗೆ ಹಾಕುವ ಬರೀ ಟೋಪಿ ಕುಲಾವಿ. ತಲೆಯನ್ನೂ ಮುಚ್ಚಿ, ಬೆನ್ನ ಮೇಲೂ ಇಳಿಬೀಳುವುದು ಕುಂಚಿಗೆ. ತೀರ ಸರಳವಾದ ಕುಂಚಿಗೆಯಲ್ಲಿ ಇರುವುದು ಉದ್ದನೆಯ ಒಂದೇ ತುಂಡು ಬಟ್ಟೆ. ಅದನ್ನು ನಡುವೆ ಮಡಚಿ ಮೇಲಿನ ಅಂಚನ್ನು ಕೂಡಿಸಿ ಹೊಲಿದರೆ ತಲೆಯ ಗೂಡು ಆಗುತ್ತದೆ. ಕತ್ತಿನ ಹಿಂದೆ ನಿರಿಗೆ ಹಿಡಿದರೆ ಗೂಡು ತಲೆಗೆ ಕೂರುತ್ತದೆ. ಉಳಿದದ್ದು ಹಾಗೇ ಬೆನ್ನ ಮೇಲೆ ಇಳಿಯುತ್ತದೆ. ಗದ್ದದ ಕೆಳಗೆ ಕಟ್ಟಲು ಎರಡು ಕಸೆ. ಕತ್ತರಿಗೆ ಕೆಲಸವೇ ಕಡಿಮೆ, ಆದ್ದರಿಂದ ಬಟ್ಟೆ ಹಾಳಾಗುವುದೂ ಕಡಿಮೆ. ಖಣದ ಅಂಚು ಹಣೆಯ ಮೇಲೆ ಬರುವಂತೆ ಹೊಂದಿಸಿದರೆ ಅದೇ ಅಲಂಕಾರ. ಒಳಗೆ ಅಜ್ಜಿಯ ಹಳೆಯ ಸೀರೆಯ ಮೆತ್ತನೆಯ ತುಂಡು ಹಾಕಿದರೆ ಕೂಸಿನ ಚರ್ಮಕ್ಕೆ ಹಿತ. ಈ ಪುಟ್ಟ ಬಟ್ಟೆಯಲ್ಲಿ ಎಷ್ಟು ಯೋಚನೆ ಅಡಗಿದೆ ನೋಡಿ. ತಿಂಗಳಿಂದ ತಿಂಗಳಿಗೆ ಬೆಳೆಯುವ ತಲೆಗೆ ಅಳತೆ ಹಿಡಿಯುವುದು ವ್ಯರ್ಥ. ಅದಕ್ಕೇ ಅಳತೆಯ ಕೆಲಸವನ್ನು ನಿರಿಗೆಗೂ ಕಸೆಗೂ ಒಪ್ಪಿಸಲಾಗಿದೆ. ಕೂಸು ಬೆಳೆದರೆ ನಿರಿಗೆಯ ದಾರ ಬಿಚ್ಚಿ ಸಡಿಲವಾಗಿ ಮತ್ತೆ ಹಿಡಿದರಾಯಿತು. ‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು’ ಎಂಬ ಗಾದೆ ಅವಸರದವರನ್ನು ಬೈಯಲು ಹುಟ್ಟಿದ್ದು, ನಿಜ. ಆದರೆ ಗಾದೆಯನ್ನು ಹೊಲಿಗೆಯ ಕಡೆಯಿಂದ ಓದಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಕಾಣದ ತಲೆಗೂ ಹೊಲಿಯಲು ಸಾಧ್ಯವಿರುವ ಬಟ್ಟೆ ಎಂದರೆ ಬದಲಾವಣೆಗೆ ಜಾಗ ಬಿಟ್ಟ ಬಟ್ಟೆ ಮಾತ್ರ. ರವಿಕೆಯ ಒಂದಂಗುಲ, ಕುಂಚಿಗೆಯ ನಿರಿಗೆ ಎರಡೂ ಒಂದೇ ತಿಳಿವಳಿಕೆಯ ಎರಡು ರೂಪ.

ಅದೇ ಖಣವನ್ನು ಕತ್ತರಿಸಿದಾಗ ಉಳಿದ ಚೂರುಗಳಿಂದ ಎಲೆ-ಅಡಿಕೆಯ ಸಂಚಿ ಹುಟ್ಟುತ್ತಿತ್ತು. ಎಲೆಗೊಂದು ಅರೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು; ಬಾಯಿಗೆ ಎಳೆದು ಬಿಗಿಯುವ ದಾರ. ಸಂಚಿಯ ಹೆಸರನ್ನು ಕನ್ನಡ ಸಾಹಿತ್ಯ ಮರೆಯಲಾರದು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಸಂಚಿಯ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮ ಇಂದಿಗೂ ಸಂಚಿಯ ಹೊನ್ನಮ್ಮ. ಸಂಚಿಗೂ ಸಾಲದ ಚೂರುಗಳು ಕೌದಿಗೆ ಹೋಗುತ್ತಿದ್ದವು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಈಗಲೂ ಹಳೆ ಬಟ್ಟೆಯ ತೇಪೆಗಳನ್ನು ಅಂಚಿನಿಂದ ಒಳಕ್ಕೆ ಕೂಡಿಸುತ್ತ ಬಂದು, ನಾಲ್ಕು ಮೂಲೆಗೆ ಪುಟ್ಟದಾಗಿ ಮಡಚಿದ ‘ಫುಲ’ ಹೊಲಿದೇ ಕೌದಿಯನ್ನು ಮುಗಿಸುತ್ತಾರೆ. ಮಾತಿನಲ್ಲಿ ‘ತೇಪೆ ಹಚ್ಚುವುದು’ ಎಂದರೆ ಹುಳುಕು ಮುಚ್ಚುವುದು ಎಂಬ ಅರ್ಥ ಬಂದುಬಿಟ್ಟಿದೆ. ಈ ಕೌದಿಗಳನ್ನು ಕಂಡವರು ಆ ಅರ್ಥವನ್ನು ಒಪ್ಪಲಾರರು.

ನನ್ನ ವಾದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ದುಡ್ಡಿನದು: ರಸ್ತೆಬದಿಯಲ್ಲಿ ಇನ್ನೂರು ರೂಪಾಯಿಗೆ ಟಾಪ್ ಸಿಗುವಾಗ ಬಟ್ಟೆ, ಲೈನಿಂಗ್, ದಾರ, ಗುಂಡಿ ಕೊಂಡು ಎರಡು ದಿನ ಕೂರುವುದು ಯಾವ ಜಾಣತನ? ಕೊಳ್ಳುವ ದಿನದ ಲೆಕ್ಕದಲ್ಲಿ ಈ ಮಾತು ಸರಿ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಬಟ್ಟೆಯ ಬೆಲೆಯನ್ನು ತೊಟ್ಟ ದಿನಗಳಿಂದ ಭಾಗಿಸಬೇಕು. ನಾಲ್ಕು ಒಗೆತಕ್ಕೆ ಪಕ್ಕ ಹರಿದು, ಹೊಲಿಯಲು ಬಟ್ಟೆಯೇ ಉಳಿಯದೆ ನೆಲ ಒರೆಸಲು ಹೋಗುವ ಟಾಪಿಗಿಂತ ಎರಡು ಸಲ ಸಡಿಲಿಸಿ ಏಳೆಂಟು ವರ್ಷ ತೊಡುವ ರವಿಕೆ ಅಗ್ಗ. ಎರಡನೆಯದು ಸಮಯದ್ದು. ದುಡಿದು ಬರುವವರಿಗೆ ಬಿಡುವೆಲ್ಲಿ ಎಂಬ ಪ್ರಶ್ನೆಗೆ ನನ್ನ ಉತ್ತರ ಸೀಮಿತವಾದದ್ದು: ಎಲ್ಲ ಬಟ್ಟೆಯನ್ನೂ ಮನೆಯಲ್ಲೇ ಹೊಲಿಯಬೇಕೆಂದು ನಾನು ಹೇಳುತ್ತಿಲ್ಲ. ಒಂದು ಬಟ್ಟೆಯನ್ನಾದರೂ ಮೊದಲಿನಿಂದ ಕೊನೆಯವರೆಗೆ ಹೊಲಿದವರಿಗೆ ಉಳಿದವನ್ನು ಬಿಚ್ಚಿ ಸರಿಪಡಿಸುವ ಧೈರ್ಯ ಬರುತ್ತದೆ, ಅಂಗಡಿಯಲ್ಲಿ ಒಳಮಗ್ಗುಲು ತಿರುಗಿಸಿ ನೋಡಿ ಕೊಳ್ಳುವ ಕಣ್ಣು ಬರುತ್ತದೆ.

ಮೂರನೆಯದು ಬೀದಿಯ ಟೈಲರ್‌ಗಳ ಹೊಟ್ಟೆಪಾಡು. ಎಲ್ಲರೂ ತಾವೇ ಹೊಲಿದುಕೊಂಡರೆ ಅವರ ಗತಿ ಏನು ಎಂದು ಕೇಳುವವರು ಎದುರಾಳಿಯನ್ನು ತಪ್ಪಾಗಿ ಗುರುತಿಸುತ್ತಿದ್ದಾರೆ. ಟೈಲರ್ ಅಂಗಡಿಗಳ ಕೆಲಸ ಕಡಿಮೆ ಮಾಡಿದ್ದು ಸಿದ್ಧ ಉಡುಪು. ಒಳಗೆ ಬಟ್ಟೆ ಬಿಡುವ ರೂಢಿಯನ್ನು ಇಂದಿಗೂ ಕಾಪಾಡಿಕೊಂಡು ಬಂದವರೇ ಈ ಟೈಲರ್‌ಗಳು. ಮನೆಯಲ್ಲಿ ಹೊಲಿಯುವವರು ಕಾಜಾಕ್ಕೆ, ಫಾಲ್-ಪೀಕೊಗೆ, ಕೈಗೆ ಸುಲಭವಾಗಿ ಒಗ್ಗದ ಕಟೋರಿ ರವಿಕೆಯ ಕಟಿಂಗಿಗೆ ಅವರ ಬಳಿಗೇ ಹೋಗುತ್ತಾರೆ. ಕೆಲಸದ ಕಷ್ಟ ಬಲ್ಲವರಾದ್ದರಿಂದ ಕೂಲಿಗೆ ಚೌಕಾಸಿ ಮಾಡುವುದೂ ಕಡಿಮೆ. ನಾಲ್ಕನೆಯ ಆಕ್ಷೇಪವೇ ಎಲ್ಲಕ್ಕಿಂತ ಭಾರವಾದದ್ದು. ಹೊಲಿಗೆ ಹೆಣ್ಣಿನ ಕೆಲಸ ಎಂದು ಸಾರಿ, ಮದುವೆಗೆ ಯಂತ್ರ ಕೊಟ್ಟು, ಅವಳ ಬಿಡುವನ್ನೂ ದುಡಿಮೆಯಾಗಿಸಿದ ಕಾಲವನ್ನು ಮತ್ತೆ ಕರೆಯಬೇಕೆ? ಕರೆಯಬಾರದು. ಆ ಹೊರೆ ನಿಜವಾಗಿತ್ತು. ಕುಂಚಿಗೆಯ ಚಂದವನ್ನು ಹೊಗಳುವಾಗ ಅದನ್ನು ಹೊಲಿದ ಕೈಗೆ ಬೇರೆ ಆಯ್ಕೆ ಇರಲಿಲ್ಲ ಎಂಬುದನ್ನು ಮರೆಯಬಾರದು. ಇದಕ್ಕೆ ಪರಿಹಾರ ವಿದ್ಯೆಯನ್ನು ಬಿಸಾಡುವುದಲ್ಲ, ಹಂಚಿಕೊಳ್ಳುವುದು. ಕೂಲಿಗೆ ಹೊಲಿಯುವ ಅಂಗಡಿಗಳಲ್ಲಿ ಗಂಡಸರು ಪೆಡಲ್ ತುಳಿಯುವುದು ಯಾರಿಗೂ ವಿಚಿತ್ರವಲ್ಲ. ಮನೆಯಲ್ಲಿ ಮಾತ್ರ ಅದು ಯಾಕೆ ವಿಚಿತ್ರವಾಗಬೇಕು? ಅನ್ನ ಬೇಯಿಸಲು, ಸೈಕಲ್ಲಿನ ಚೈನು ಹಾಕಲು ಕಲಿಯುವಂತೆ ಹುಡುಗ ಹುಡುಗಿ ಇಬ್ಬರೂ ಗುಂಡಿ ಹಚ್ಚಲು, ಅಂಚು ಮಡಚಿ ಹೊಲಿಯಲು ಕಲಿಯಬೇಕು. ಪ್ರೌಢಶಾಲೆ ಮುಗಿಯುವುದರೊಳಗೆ ಇಷ್ಟು ಬಂದರೆ ಸಾಕು.

ಕಲಿಯಲು ಬಟ್ಟೆ ಎಲ್ಲಿಂದ ಎಂದು ಕೇಳುವ ಅಗತ್ಯವೇ ಇಲ್ಲ. ಅರಿಶಿನ-ಕುಂಕುಮಕ್ಕೆ ಬಂದ ಬ್ಲೌಸ್ ಪೀಸುಗಳು ನಮ್ಮ ಬೀರುಗಳಲ್ಲಿ ಮಡಿಕೆ ಬಿಚ್ಚದೆ ಕೂತಿವೆ. ಗೌರಿ ಹಬ್ಬದ ಬಾಗಿನದಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತ, ಯಾರ ಮೈಯನ್ನೂ ಸೇರದೆ ತಿರುಗುತ್ತಿವೆ. ಅವುಗಳಲ್ಲೊಂದನ್ನು ಈ ಭಾನುವಾರ ಹೊರಗೆ ತೆಗೆಯಿರಿ. ಹತ್ತಿಯದಾದರೆ ಮೊದಲು ನೀರಿಗೆ ಹಾಕಿ ಒಣಗಿಸಿ, ಕುಗ್ಗುವುದೆಲ್ಲ ಹೊಲಿಯುವ ಮುಂಚೆಯೇ ಕುಗ್ಗಲಿ. ರವಿಕೆಯಿಂದ ಶುರು ಮಾಡಬೇಡಿ, ತೋಳಿನ ಸುತ್ತು ಹೊಸಬರ ಉತ್ಸಾಹ ತಗ್ಗಿಸುತ್ತದೆ. ಒಂದು ಚೀಲ ಹೊಲಿಯಿರಿ, ಆಮೇಲೆ ಮಗುವಿಗೊಂದು ಲಂಗ. ಯಂತ್ರವಿಲ್ಲದಿದ್ದರೆ ಸೂಜಿ ದಾರ ಸಾಕು, ಕೌದಿಗಳೆಲ್ಲ ಹುಟ್ಟಿದ್ದು ಕೈಹೊಲಿಗೆಯಲ್ಲೇ. ಹೊಲಿಗೆ ಸೊಟ್ಟಗಾದರೆ ಬಿಚ್ಚಿ ಮತ್ತೆ ಹಾಕಿ. ಆದರೆ ಕತ್ತರಿ ಹಿಡಿಯುವ ಮುನ್ನ ಚಾಕ್‌ನಿಂದ ಇನ್ನೊಂದು ಗೆರೆ ಎಳೆಯುವುದನ್ನು ಮರೆಯಬೇಡಿ. ಅಳತೆಯ ಗೆರೆಯ ಆಚೆ, ಎರಡೂ ಮಗ್ಗುಲಿಗೆ, ಒಂದಂಗುಲ ಬಿಡಿ.