ಹಳೆಯ ಫಿಲ್ಮ್ ಸುರುಳಿ: ಕೊಳ್ಳುವ ಮುನ್ನ ಮೂಸಿ ನೋಡಿ

ಹಳೆಯ ಮನೆ ಕೆಡಹುವಾಗಲೋ ಪಾಲುಪಟ್ಟಿಯ ಕಾಲಕ್ಕೋ ಅಟ್ಟದಿಂದ ಇಳಿಯುವ ವಸ್ತುಗಳ ನಡುವೆ ಒಮ್ಮೊಮ್ಮೆ ಅಂಗೈಯಗಲದ ತಗಡಿನ ಡಬ್ಬಿಯೊಂದು ಇರುವುದುಂಟು. ಒಳಗೆ ಕಿರುಬೆರಳಿನಷ್ಟೂ ಅಗಲವಿಲ್ಲದ ಫಿಲ್ಮ್ ಸುರುಳಿ. ದೂರದೂರಿನಲ್ಲಿ ಉದ್ಯೋಗದಲ್ಲಿದ್ದ ಹಿರಿಯರೊಬ್ಬರು ಕೈಕ್ಯಾಮರಾದಲ್ಲಿ ತೆಗೆದ ಮದುವೆಯೋ, ಮಗುವಿನ ಮೊದಲ ಹೆಜ್ಜೆಯೋ ಅದರಲ್ಲಿರಬಹುದು. ಗುಜರಿಯವನು ಅದನ್ನು ತೂಕಕ್ಕೆ ಕೇಳುತ್ತಾನೆ. ಆದರೆ ಇಂತಹ ಸುರುಳಿಗಳನ್ನು ಹುಡುಕಿ ಕೊಳ್ಳುವ ಸಂಗ್ರಾಹಕರು ಲೋಕದ ಹಲವೆಡೆ ಇದ್ದಾರೆ.

ಮನೆಯವರು ತೆಗೆದ ಚಿತ್ರಕ್ಕೆ ಏನು ಬೆಲೆ ಎಂದು ಹಗುರಾಗಿ ಕಾಣುವಂತಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯನ್ನು ಸೆರೆಹಿಡಿದದ್ದು ಡಲ್ಲಾಸಿನ ಉಡುಪು ತಯಾರಕ ಅಬ್ರಹಾಂ ಜಪ್ರೂಡರ್ ಅವರ 8 ಮಿಲಿಮೀಟರಿನ ಮನೆಕ್ಯಾಮರಾ. ಆ 26 ಸೆಕೆಂಡಿನ ತುಣುಕಿಗೆ ಅಲ್ಲಿನ ಸರಕಾರ 160 ಲಕ್ಷ ಡಾಲರು ಕೊಡಬೇಕೆಂದು 1999ರಲ್ಲಿ ತೀರ್ಮಾನವಾಯಿತು. ಅದು ಅಪರೂಪದ ಮಾತಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಟೋಪಾಜ್ ಶಿಬಿರದೊಳಗೆ ಡೇವ್ ತಾತ್ಸುನೋ ಎಂಬವರು ಗುಟ್ಟಾಗಿ ತೆಗೆದ ಚಿತ್ರಗಳ ಕಥೆ ನನಗೆ ಇನ್ನೂ ದೊಡ್ಡದೆನಿಸುತ್ತದೆ. ಹಿಮ, ಅಂಗಳ, ಮಕ್ಕಳು, ಇಷ್ಟೇ. 1996ರಲ್ಲಿ ಅದು ಆ ದೇಶದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು.

ಇಲ್ಲಿ ಒಂದು ಮುಖ್ಯ ವಿಷಯವನ್ನು ತಿಳಿದಿರಬೇಕು. ಮನೆಬಳಕೆಯ ಫಿಲ್ಮಿಗೆ ಸಾಮಾನ್ಯವಾಗಿ ನೆಗೆಟಿವ್ ಇರುವುದಿಲ್ಲ. ಕ್ಯಾಮರಾದೊಳಗೆ ಓಡಿದ ಫಿಲ್ಮನ್ನೇ ಸಂಸ್ಕರಿಸಿ ಪ್ರೊಜೆಕ್ಟರಿಗೆ ಹಾಕುತ್ತಿದ್ದರು. ಕೈಯಲ್ಲಿರುವ ಸುರುಳಿ ಹರಿದರೆ ಚಿತ್ರವೂ ಹೋಯಿತು. ಆದುದರಿಂದ "ಒಮ್ಮೆ ಓಡಿಸಿ ನೋಡೋಣ" ಎಂದು ಹಳೆಯ ಪ್ರೊಜೆಕ್ಟರಿಗೆ ಸಿಕ್ಕಿಸುವವರನ್ನು ಮೊದಲು ತಡೆಯಬೇಕು. ಪರೀಕ್ಷೆಯೆಲ್ಲ ಮೇಜಿನ ಮೇಲೆ, ಕಿಟಕಿಯ ಬೆಳಕಿನಲ್ಲಿ ನಡೆಯಲಿ. ಬಿಳಿ ಕಾಗದ, ಭೂತಗನ್ನಡಿ, ಹತ್ತಿಯ ಕೈಗವಸು ಸಾಕು. ಹಿಡಿಯುವುದಾದರೆ ಅಂಚನ್ನೇ ಹಿಡಿಯಬೇಕು.

ಮೊದಲು ಅಳತೆ. ಮನೆಬಳಕೆಗೆ 16 ಮಿ.ಮೀ. ಫಿಲ್ಮ್ 1923ರಲ್ಲಿ, 8 ಮಿ.ಮೀ. 1932ರಲ್ಲಿ, ಸೂಪರ್ 8 ಎಂಬುದು 1965ರಲ್ಲಿ ಬಂತು. ಕೊನೆಯ ಎರಡಕ್ಕೂ ಅಗಲ ಒಂದೇ. ಆದರೆ ಸೂಪರ್ 8ರ ಅಂಚಿನ ತೂತು ಚಿಕ್ಕದು, ಚಿತ್ರದ ಚೌಕ ದೊಡ್ಡದು. ಹಳೆಯ ಸಿನಿಮಾ ಫಿಲ್ಮ್ ಬೆಂಕಿ ಹತ್ತುತ್ತದೆಂಬ ಭಯ ಅನೇಕರಿಗಿದೆ. ಅದು 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ 35 ಮಿ.ಮೀ. ನೈಟ್ರೇಟ್ ಫಿಲ್ಮಿನ ಮಾತು. ಈ ಸಣ್ಣ ಅಳತೆಯವು ಅಸಿಟೇಟಿನವು. ಅವು ಹಾಗೆ ಹೊತ್ತಿಕೊಳ್ಳುವುದಿಲ್ಲ.

ಅಸಿಟೇಟಿನ ರೋಗವೇ ಬೇರೆ, ಅದನ್ನು ಪತ್ತೆಹಚ್ಚುವ ಉಪಕರಣ ನಮ್ಮ ಮೂಗು. ಡಬ್ಬಿಯ ಮುಚ್ಚಳ ತೆರೆದೊಡನೆ ವಿನೆಗರಿನ ಹುಳಿ ವಾಸನೆ ಮುಖಕ್ಕೆ ಹೊಡೆದರೆ ಫಿಲ್ಮು ಕೊಳೆಯತೊಡಗಿದೆ ಎಂದೇ ಅರ್ಥ. ಫಿಲ್ಮಿನಿಂದಲೇ ಅಸಿಟಿಕ್ ಆಮ್ಲ ಹೊರಬೀಳುತ್ತದೆ. ಹೊರಬಿದ್ದ ಆಮ್ಲವೇ ಮತ್ತಷ್ಟು ಕೊಳೆಸುತ್ತದೆ. ಒಮ್ಮೆ ಶುರುವಾದದ್ದನ್ನು ನಿಧಾನಿಸಬಹುದು, ಹಿಂದಿರುಗಿಸಲಾಗದು. 21 ಡಿಗ್ರಿ ಉಷ್ಣತೆ, ಶೇಕಡಾ 50ರ ತೇವಾಂಶದಲ್ಲಿಟ್ಟ ಹೊಸ ಫಿಲ್ಮಿಗೂ ಸುಮಾರು 40 ವರ್ಷಕ್ಕೆ ಈ ರೋಗ ತಗಲುತ್ತದೆಂದು ತಜ್ಞರ ಲೆಕ್ಕ. ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಸಲು ಹಿಡಿಯುವ ನಮ್ಮ ಕರಾವಳಿಯ ಅಟ್ಟಗಳಲ್ಲಿ ಅಷ್ಟು ಕಾಲ ಎಲ್ಲಿಂದ? ವಾಸನೆ ಸಂಶಯವಾಗಿದ್ದರೆ ಎ-ಡಿ ಸ್ಟ್ರಿಪ್ ಎಂಬ ನೀಲಿ ಕಾಗದದ ಪಟ್ಟಿಯನ್ನು ಡಬ್ಬಿಯೊಳಗೆ ಒಂದು ದಿನ ಇಡುತ್ತಾರೆ. ಅದು ಹಸಿರಾಗಿ, ಹಳದಿಗೆ ತಿರುಗಿದಷ್ಟೂ ಆಮ್ಲ ಹೆಚ್ಚು.

ಕೊಳೆತ ಫಿಲ್ಮು ಕುಗ್ಗುತ್ತದೆ. ಒಂದು ಹೊಸ ಫಿಲ್ಮಿನ ತುಂಡನ್ನು ಪಕ್ಕದಲ್ಲಿಟ್ಟು, ಮೊದಲ ತೂತನ್ನು ತೂತಿಗೆ ಸರಿಯಾಗಿ ಜೋಡಿಸಿ, ನೂರು ತೂತು ಎಣಿಸಿ. ನೂರನೆಯದರಲ್ಲಿ ಒಂದು ತೂತಿನ ಅಂತರ ಬಿದ್ದರೆ ಶೇಕಡಾ ಒಂದು ಕುಗ್ಗಿದೆ. ಅದನ್ನು ಪ್ರೊಜೆಕ್ಟರಿನ ಹಲ್ಲು ಹರಿಯದೆ ಬಿಡದು. ಅರ್ಧ ತೂತಿನ ಅಂತರ ಕಂಡಾಗಲೇ ಹಿಂಜರಿಯುವುದು ಮೇಲು. ಸುರುಳಿ ಒಲಿಯಂತೆ ಸುತ್ತಿಕೊಂಡಿದ್ದರೆ, ಮುಟ್ಟಿದರೆ ಸಿಡಿದರೆ, ಮೇಲೆ ಬಿಳಿ ಹುಡಿ ಕಂಡರೆ ರೋಗ ಬಲಿತಿದೆ.

ಬಿಳಿ ಹುಡಿಯೆಲ್ಲ ಬೂಸಲಲ್ಲ. ಬೂಸಲು ಜೇಡರ ಬಲೆಯಂತೆ ಹರಡಿರುತ್ತದೆ. ಚಿತ್ರದ ಲೇಪ ಜಿಲೆಟಿನಿನದ್ದು, ಶಿಲೀಂಧ್ರಕ್ಕೆ ಅದು ಆಹಾರ. ಇದನ್ನು ಕಂಡು ನೀರಿನಲ್ಲಿ ತೊಳೆಯಹೋದರೆ ಚಿತ್ರವೇ ಕರಗಿ ಇಳಿದೀತು. ಮೊದಲು ಒಣ ಜಾಗದಲ್ಲಿ ಆರಲು ಬಿಟ್ಟು, ಬಳಿಕ ಮೂಗಿಗೆ ಬಟ್ಟೆ ಕಟ್ಟಿ, ಮೆತ್ತಗಿನ ಒಣ ಬಟ್ಟೆಯಿಂದ ಒರಸಬೇಕು.

ಬಣ್ಣದ ವಿಷಯದಲ್ಲಿ ಅದೃಷ್ಟವೂ ಇದೆ. ಅಂಚಿನಲ್ಲಿ ಕೋಡಾಕ್ರೋಮ್ ಎಂದಿದ್ದರೆ ಕತ್ತಲಲ್ಲಿಟ್ಟ ಬಣ್ಣ ಹಲವು ದಶಕದ ಬಳಿಕವೂ ಕಣ್ಣು ಕೋರೈಸುತ್ತದೆ. 1935ರಲ್ಲಿ ಮಾರುಕಟ್ಟೆಗೆ ಬಂದ ಆ ಫಿಲ್ಮನ್ನು ಸಂಸ್ಕರಿಸುವ ಕೊನೆಯ ಕೇಂದ್ರವೂ ಅದನ್ನು 2010ರ ಡಿಸೆಂಬರದಲ್ಲಿ ನಿಲ್ಲಿಸಿತು. ಬೇರೆ ಹಲವು ಫಿಲ್ಮುಗಳು ಕೆಂಪಡರಿ ಹೋಗುತ್ತವೆ. ಕೋಡಾಕ್ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನದ ಗುರುತುಗಳೂ ಇವೆ. ಅವು ಫಿಲ್ಮ್ ತಯಾರಾದ ವರ್ಷವನ್ನು ಹೇಳುತ್ತವೆ. ಆದರೆ ಅವೇ ಗುರುತುಗಳು 20 ವರ್ಷಕ್ಕೊಮ್ಮೆ ಮರಳುವುದರಿಂದ ಉಡುಗೆತೊಡುಗೆ, ಮೋಟಾರು ನೋಡಿ ಕಾಲ ಊಹಿಸಬೇಕು.

ಮಾರುವವರು ಸಾಮಾನ್ಯವಾಗಿ ಮೊದಲ ಐದಾರು ಅಡಿ ಬಿಚ್ಚಿ ತೋರಿಸುತ್ತಾರೆ. ಸುರುಳಿಯ ಒಳಭಾಗವನ್ನೂ ನೋಡದೆ ಹಣ ಕೊಡಬಾರದು. ಅಂಟಿಸಿದ ಜಾಗಗಳು ಬಿಟ್ಟಿವೆಯೇ, ಟೇಪಿನ ಅಂಟು ಪಕ್ಕದ ಸುತ್ತಿಗೆ ಹಿಡಿದಿದೆಯೇ, ದೀಪದ ಶಾಖಕ್ಕೆ ಯಾವುದಾದರೂ ಚೌಕ ಸುಟ್ಟಿದೆಯೇ ಎಂಬುದು ಅಲ್ಲಿಯೇ ತಿಳಿಯುವುದು. ಕೆಲವರು ಅಂಗಡಿಯಲ್ಲಿ ಮಾರುತ್ತಿದ್ದ ಕಾರ್ಟೂನು, ಹಾಸ್ಯಚಿತ್ರಗಳ ಪ್ರತಿಗಳನ್ನೇ ಮನೆಚಿತ್ರವೆಂದು ದಾಟಿಸುವುದೂ ಉಂಟು.

ಹುಳಿ ವಾಸನೆಯ ಸುರುಳಿಯೆಂದು ಎಸೆಯಬೇಕಿಲ್ಲ. ಉಳಿದವುಗಳಿಂದ ಬೇರೆ ಮಾಡಿ, ತುಕ್ಕು ಹಿಡಿದ ಡಬ್ಬಿಯಿಂದ ತೆಗೆದು, ಗಾಳಿಯಾಡುವ ಪೆಟ್ಟಿಗೆಯಲ್ಲಿ ತಂಪಾಗಿ ಇಟ್ಟು, ಆದಷ್ಟು ಬೇಗ ಸ್ಕ್ಯಾನ್ ಮಾಡಿಸಬೇಕು. ಹಲ್ಲುಚಕ್ರವಿಲ್ಲದ ಸ್ಕ್ಯಾನರುಗಳು ಕುಗ್ಗಿದ ಫಿಲ್ಮನ್ನೂ ಒಂದೊಂದೇ ಚೌಕವಾಗಿ ದಾಖಲಿಸಿಕೊಳ್ಳುತ್ತವೆ. ಡಬ್ಬಿ ಬದಲಾಯಿಸುವಾಗ ಹಳೆಯದರ ಮೇಲೆ ಪೆನ್ಸಿಲಿನಲ್ಲಿ ಬರೆದ ಊರು, ಹೆಸರು, ಇಸವಿಯನ್ನು ಹೊಸತಕ್ಕೆ ನಕಲು ಮಾಡಿಕೊಳ್ಳಿ. ಬರಹವಿಲ್ಲದಿದ್ದರೆ, ಚಿತ್ರದಲ್ಲಿರುವ ಮುಖಗಳನ್ನು ಗುರುತಿಸಬಲ್ಲ ಅಜ್ಜಿಯೋ ದೊಡ್ಡಮ್ಮನೋ ಇರುವಾಗಲೇ ಹತ್ತಿರ ಕುಳಿತು ಕೇಳಿ ಬರೆದಿಡಿ.