ಹೇಮಾವತಿಯ ಹೂಳಿಗೆ ಲೆಕ್ಕ ಹಿಡಿಯುವುದು ಹೇಗೆ?

ಮುಂಗಾರು ಜೋರಾದಾಗ ಸಕಲೇಶಪುರದ ಸೇತುವೆಯ ಮೇಲೆ ನಿಂತು ಹೇಮಾವತಿಯನ್ನು ನೋಡಿದ್ದೀರಾ? ಬೇಸಗೆಯಲ್ಲಿ ತಿಳಿಯಾಗಿದ್ದ ನೀರು ಆಗ ಕೆಂಪಗೆ ಹರಿಯುತ್ತದೆ. ಈ ಬಣ್ಣ ಮಲೆನಾಡಿನ ಇಳಿಜಾರುಗಳಿಂದ ಕೊಚ್ಚಿ ಬಂದ ಮಣ್ಣಿನದು. ಅದರ ಬಹುಪಾಲು ಗೊರೂರಿನ ಜಲಾಶಯದಲ್ಲಿ ತಂಗುತ್ತದೆ. 1979ರಲ್ಲಿ ಪೂರ್ಣಗೊಂಡ ಈ ಜಲಾಶಯದ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ರೈತರು ಇದರ ನಾಲೆಗಳನ್ನು ನಂಬಿದ್ದಾರೆ. ಹೂಳು ತುಂಬಿದಷ್ಟೂ ನೀರಿಗೆ ಜಾಗ ಕಡಿಮೆ. ಹಾಗಾದರೆ ವರ್ಷಕ್ಕೆ ಎಷ್ಟು ಹೂಳು ಬರುತ್ತದೆ?

ಪ್ರಶ್ನೆ ಸರಳವಾಗಿ ಕಾಣುತ್ತದೆ. ಬಾಟಲಿಯಲ್ಲಿ ನೀರು ಹಿಡಿದು, ಸೋಸಿ, ಒಣಗಿಸಿ, ಮಣ್ಣನ್ನು ತೂಗಿದರಾಯಿತು. ನಮ್ಮ ದೇಶದ ನದಿಮಾಪನ ಕೇಂದ್ರಗಳಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಅಲ್ಲಿ ನೀರಿನ ಮೇಲ್ಮೈಯಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಮಾದರಿ ತೆಗೆದು, ಕಣಗಳನ್ನು ದಪ್ಪ, ಮಧ್ಯಮ, ನಯ ಎಂದು ವಿಂಗಡಿಸುತ್ತಾರೆ. ತೊಡಕಿರುವುದು ನದಿಯ ಸ್ವಭಾವದಲ್ಲಿ. ಅದು ಹೂಳನ್ನು ದಿನಗೂಲಿಯಂತೆ ಸಮನಾಗಿ ಹಂಚುವುದಿಲ್ಲ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಹತ್ತು ದಿನಗಳಲ್ಲಿ ಒಂಬತ್ತು ದಿನ ತಲಾ 100 ಟನ್ ಹೂಳು ಹರಿಯಿತು. ಪ್ರವಾಹ ಬಂದ ಒಂದು ದಿನ 5,100 ಟನ್. ಒಟ್ಟು 6,000, ಸರಾಸರಿ ದಿನಕ್ಕೆ 600 ಟನ್. ಆದರೆ 600 ಟನ್ ಹರಿದ ದಿನ ಒಂದೂ ಇಲ್ಲ! ನಡುವಿನ ಬೆಲೆ, ಅಂದರೆ ಮಧ್ಯಾಂಕ, 100 ಮಾತ್ರ. ಮಳೆಗೆ ಹೆದರಿ ಆ ಒಂದು ದಿನ ಮಾದರಿ ತೆಗೆಯದಿದ್ದರೆ ನಮ್ಮ ಅಂದಾಜು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅನೇಕ ನದಿಗಳಲ್ಲಿ ಹರಿವು ಎರಡು ಪಟ್ಟಾದಾಗ ಹೂಳು ನಾಲ್ಕು ಪಟ್ಟು ಅಥವಾ ಅದಕ್ಕೂ ಹೆಚ್ಚಾಗುವುದುಂಟು. ಆದ್ದರಿಂದ ಶಾಂತ ದಿನದ ನೂರು ಬಾಟಲಿಗಿಂತ ಪ್ರವಾಹದ ದಿನದ ಹತ್ತು ಬಾಟಲಿ ಮೇಲು.

ತೇಲಿ ಬರುವ ಮಣ್ಣಿನ ಕಥೆ ಹೀಗಾದರೆ, ತಳದಲ್ಲಿ ಉರುಳುವ ಮರಳು, ಬೆಣಚುಕಲ್ಲಿನದು ಇನ್ನೂ ವಿಚಿತ್ರ. ಹೊಳೆನರಸೀಪುರದಲ್ಲಿ ತೇರು ಎಳೆಯುವುದನ್ನು ನೋಡಿದ್ದೀರಲ್ಲ? ಸ್ವಲ್ಪ ಸಾಗುತ್ತದೆ, ನಿಲ್ಲುತ್ತದೆ, ಮತ್ತೆ ತಟಕ್ಕನೆ ಹೊರಡುತ್ತದೆ. ಕಲ್ಲೂ ಹಾಗೆಯೇ. ಯಾವಾಗ ಹೊರಡುತ್ತದೆ, ಎಷ್ಟು ದೂರ ಹೋಗುತ್ತದೆ ಎಂದು ಒಂದೊಂದು ಕಲ್ಲಿನ ಬಗ್ಗೆ ಹೇಳಲಾಗದು. ಆದರೆ ಸಾವಿರ ಕಲ್ಲುಗಳ ಬಗ್ಗೆ ಹೇಳಬಹುದು. ಇದನ್ನು ಸಂಭವನೀಯತೆಯ ಪ್ರಶ್ನೆಯಾಗಿ ಬಿಡಿಸಿದವರು ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್. ಹೌದು, ಆ ಐನ್‌ಸ್ಟೈನರ ಮಗನೇ! ಜ್ಯೂರಿಚ್‌ನಲ್ಲಿ ಕೃತಕ ಕಾಲುವೆಯಲ್ಲಿ ಪ್ರಯೋಗ ಮಾಡಿ, ಕಲ್ಲಿನ ಚಲನೆಯನ್ನು ‘ನೆಗೆತ’ ಮತ್ತು ‘ವಿಶ್ರಾಂತಿ’ ಎಂದು ಒಡೆದು, 1937ರಲ್ಲಿ ಪ್ರಬಂಧ ಪ್ರಕಟಿಸಿದರು.

ತಳದ ಮರಳನ್ನು ಹಿಡಿಯಲು ಜಾಲರಿ ಚೀಲವಿರುವ ಪೆಟ್ಟಿಗೆಯನ್ನು ಇಳಿಬಿಡುತ್ತಾರೆ. ಒಮ್ಮೆ ಖಾಲಿ, ಇನ್ನೊಮ್ಮೆ ತುಂಬಿ ಬರುತ್ತದೆ. ಹಾಗಾಗಿ ಮತ್ತೆ ಮತ್ತೆ ಅಳೆಯಬೇಕು. ಸರಾಸರಿಯ ದೋಷವನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಮಾದರಿಗಳು ಬೇಕು ಎನ್ನುತ್ತದೆ ಸಂಖ್ಯಾಶಾಸ್ತ್ರ. ಅದೂ ಮಾದರಿಗಳು ಒಂದಕ್ಕೊಂದು ಸಂಬಂಧವಿಲ್ಲದಿದ್ದಾಗ ಮಾತ್ರ. ತಳದ ಮರಳು ಅಲೆಯಲೆಯಾಗಿ ಸಾಗುವುದರಿಂದ, ಒಂದೇ ಅಲೆಯ ಮೇಲೆ ಬೆನ್ನುಬೆನ್ನಿಗೆ ತೆಗೆದ ಐದು ಮಾದರಿಗಳನ್ನು ಐದು ಸಾಕ್ಷಿಗಳೆಂದು ಎಣಿಸುವಂತಿಲ್ಲ.

ಇನ್ನೊಂದು ದಾರಿ ಜಲಾಶಯವನ್ನೇ ಅಳೆಯುವುದು. ದೋಣಿಯಿಂದ ಶಬ್ದತರಂಗ ಬಿಟ್ಟು ಆಳ ತಿಳಿದು, ಹಳೆಯ ನಕ್ಷೆಯೊಡನೆ ಹೋಲಿಸುತ್ತಾರೆ. ಇದೂ ಪೂರ್ತಿ ನಿಖರವಲ್ಲ. 1953ರಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ 2008ರ ಸಮೀಕ್ಷೆಯಲ್ಲಿ ಸುಮಾರು 100.9 ಎಂದು ಬಂತು; 2016ರಲ್ಲಿ 105.8. ನಡುವೆ ಯಾರೂ ಐದು ಟಿ.ಎಂ.ಸಿ. ಹೂಳೆತ್ತಿರಲಿಲ್ಲ, ಬದಲಾದದ್ದು ಅಳೆಯುವ ವಿಧಾನ.

ಗೊರೂರಿನ ಕೆಳಗೆ ಇನ್ನೊಂದು ಚಿಂತೆಯಿದೆ. ಮೇಲಿನಿಂದ ಬರುವ ಮರಳು ಜಲಾಶಯದಲ್ಲೇ ನಿಲ್ಲುವುದರಿಂದ, ಹೊಳೆನರಸೀಪುರದ ಬಳಿ ಹೊಳೆಯಿಂದ ತೆಗೆದ ಮರಳಿನ ಜಾಗಕ್ಕೆ ಹೊಸದು ಬರುವುದು ಮುಖ್ಯವಾಗಿ ಪಕ್ಕದ ಹಳ್ಳಗಳಿಂದ. ಎಷ್ಟು ಬರುತ್ತದೆಂದು ಅಳೆಯದೆ ಎಷ್ಟು ತೆಗೆಯಬಹುದೆಂದು ಹೇಳುವುದು ಹೇಗೆ?

ನೀವೂ ಒಂದು ಪ್ರಯೋಗ ಮಾಡಿ. ಊರ ಹಳ್ಳದ ಒಂದೇ ಜಾಗದಿಂದ, ಒಂದೇ ಅಳತೆಯ ಬಾಟಲಿಗಳಲ್ಲಿ, ಹತ್ತು ದಿನ ನೀರು ಹಿಡಿಯಿರಿ. ಎರಡು ದಿನ ಅಲುಗಿಸದೆ ಇಟ್ಟು, ತಳದ ಕೆಸರನ್ನು ಸ್ಕೇಲಿನಿಂದ ಅಳೆದು ಸರಾಸರಿ, ಮಧ್ಯಾಂಕ ಎರಡನ್ನೂ ಬರೆದಿಡಿ. ಮಳೆ ಬಂದ ದಿನ ತಪ್ಪಿಸಬೇಡಿ. ಆದರೆ ಅಂದು ನೀರಿಗೆ ಇಳಿಯದೆ, ದೊಡ್ಡವರ ಜೊತೆಯಲ್ಲಿ ಸೇತುವೆಯ ಮೇಲಿನಿಂದ ಹಗ್ಗ ಕಟ್ಟಿ ಬಾಟಲಿ ಇಳಿಬಿಡಿ.