ಜೋಗದ ತುಂತುರಿನಲ್ಲಿ ಕಳೆದುಹೋದ ಹುಲ್ಲು

ಬಳ್ಳಾರಿಯ ಹಲಕುಂದಿ ಕಡೆ ಕುರಿ ಮೇಯಿಸುವವರನ್ನು ಕೇಳಿ ನೋಡಿ. ಗರಿಕೆ ಯಾವುದು, ಜೇಕು ಯಾವುದು, ಕುರಿ ಮೂಸಿ ಬಿಡುವ ಹುಲ್ಲು ಯಾವುದು ಎಂದು ಬೆರಳು ತೋರಿಸಿ ಹೇಳುತ್ತಾರೆ. ಉಳಿದ ನಮಗೆ ಎಲ್ಲವೂ ಬರೀ ಹುಲ್ಲು! ಹುಲ್ಲನ್ನು ಗುರುತಿಸುವುದು ಸಸ್ಯವಿಜ್ಞಾನಿಗಳಿಗೂ ಸುಲಭವಲ್ಲ. ಬಣ್ಣದ ಹೂವಿಲ್ಲ, ಕಣ್ಸೆಳೆಯುವ ಹಣ್ಣಿಲ್ಲ. ತೆನೆಯಲ್ಲಿನ ಅಕ್ಕಿಕಾಳಿಗಿಂತ ಚಿಕ್ಕದಾದ ಭಾಗಗಳನ್ನು ಬಿಡಿಸಿ, ಹೊಟ್ಟಿನ ಮೇಲಿನ ನರಗಳನ್ನು ಭೂತಗನ್ನಡಿಯಲ್ಲಿ ಎಣಿಸಬೇಕು. ಹೀಗಾಗಿ ಹುಲ್ಲು ಕಣ್ಣೆದುರಿಗಿದ್ದೂ ಕಾಣದೆ ಹೋಗುತ್ತದೆ. ನಮ್ಮ ಜೋಗದ ಒಂದು ಹುಲ್ಲಿನ ಕಥೆಯೂ ಇದೇ.

1919ರಲ್ಲಿ ಎಲ್. ಜೆ. ಸೆಡ್ಜ್‌ವಿಕ್ ಮತ್ತು ಟಿ. ಆರ್. ಬೆಲ್ ಎಂಬ ಇಬ್ಬರು ಗೇರುಸೊಪ್ಪೆ ಜಲಪಾತದ, ಅಂದರೆ ಇಂದಿನ ಜೋಗದ, ಬಳಿ ಒಂದು ನವಿರಾದ ಹುಲ್ಲನ್ನು ಕಿತ್ತರು. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಸೆಡ್ಜ್‌ವಿಕ್ ಆಡಳಿತಾಧಿಕಾರಿ, ಬೆಲ್ ಅರಣ್ಯಾಧಿಕಾರಿ, ಚಿಟ್ಟೆಗಳ ಅಧ್ಯಯನಕ್ಕೆ ಹೆಸರಾದವರು. ಕಿತ್ತ ಹುಲ್ಲನ್ನು ಒತ್ತಿ, ಒಣಗಿಸಿ, ಕಾಗದಕ್ಕೆ ಅಂಟಿಸಿ, ಸ್ಥಳವನ್ನು ನಮೂದಿಸಿಟ್ಟರು. ಅದು ಲೋಕಕ್ಕೇ ಹೊಸದೆಂದು ಗೊತ್ತಾಗಲು ಸುಮಾರು 30 ವರ್ಷ ಬೇಕಾಯಿತು.

1950ರ ಸುಮಾರಿಗೆ ಹುಲ್ಲುಗಳ ತಜ್ಞ ಎನ್. ಎಲ್. ಬೋರ್ ಆ ಒಣ ಮಾದರಿಯನ್ನು ಪರೀಕ್ಷಿಸಿದರು. ತಿಳಿದಿದ್ದ ಯಾವ ಕುಲಕ್ಕೂ ಅದು ಹೊಂದಲಿಲ್ಲ. ಹೊಸ ಕುಲವನ್ನೇ ಮಾಡಿ, ಕ್ಯೂ ಸಸ್ಯೋದ್ಯಾನದ ವಿದ್ವಾಂಸ ಸಿ. ಇ. ಹಬ್ಬರ್ಡ್ ಅವರ ಗೌರವಾರ್ಥ 'ಹಬ್ಬರ್ಡಿಯಾ ಹೆಪ್ಟಾನ್ಯೂರಾನ್' ಎಂದು ಹೆಸರಿಟ್ಟರು. ಹೆಪ್ಟಾನ್ಯೂರಾನ್ ಎಂದರೆ ಏಳು ನರಗಳುಳ್ಳದ್ದು.

ಹೆಸರು ಬಂದಿತು, ಆದರೆ ಅಷ್ಟರಲ್ಲಿ ಶರಾವತಿಯೇ ಬದಲಾಗತೊಡಗಿದ್ದಳು. 1940ರ ದಶಕದ ಕೊನೆಗೆ ನದಿಯಿಂದ ವಿದ್ಯುತ್ ತೆಗೆಯುವ ಕೆಲಸ ಆರಂಭವಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. 253 ಮೀಟರ್ ಎತ್ತರದಿಂದ ಬೀಳುವ ನೀರಿನ ತುಂತುರು ತೋಯಿಸುತ್ತಿದ್ದ ಬಂಡೆಗಳಿಗೆ ಮೊದಲಿನ ತೇವ ಉಳಿಯಲಿಲ್ಲ. ತುಂತುರನ್ನೇ ನಂಬಿದ ಹುಲ್ಲಿಗೆ ಬೇರೆ ದಿಕ್ಕೆಲ್ಲಿ? ಜೋಗದಲ್ಲಿ ಹುಡುಕಿದವರು ಬರಿಗೈಯಲ್ಲಿ ಮರಳಿದರು. ಅದನ್ನು ಅಳಿದುಹೋದ ಸಸ್ಯಗಳ ಪಟ್ಟಿಗೆ ಸೇರಿಸಲಾಯಿತು.

ಆದರೆ ಈ ಶತಮಾನದ ಮೊದಲ ವರ್ಷಗಳಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್. ಆರ್. ಯಾದವ್ ಮತ್ತು ಸಂಗಡಿಗರಿಗೆ ಮಹಾರಾಷ್ಟ್ರದ ತಿಲ್ಲಾರಿ ಘಟ್ಟದ ಒದ್ದೆ ಬಂಡೆಗಳ ಮೇಲೆ ಒಂದು ಹುಲ್ಲು ಸಿಕ್ಕಿತು. ಅದೇ ಹಬ್ಬರ್ಡಿಯಾ! ಜೋಗದ ಹುಲ್ಲು ಉತ್ತರದ ಘಟ್ಟದಲ್ಲಿ ಯಾರ ಗಮನಕ್ಕೂ ಬಾರದೆ ಬದುಕಿತ್ತು. ಮುಂದೆ 2012ರಲ್ಲಿ ಇದೇ ಕುಲದ ಎರಡನೆಯ ಜಾತಿಯೂ ಮಹಾರಾಷ್ಟ್ರದಿಂದಲೇ ವರ್ಣಿತವಾಯಿತು.

ತಿಲ್ಲಾರಿಯ ಹುಲ್ಲನ್ನು ಗುರುತಿಸಲು ಸಾಧ್ಯವಾದದ್ದು ಹೇಗೆ? 1919ರಲ್ಲಿ ಕಾಗದಕ್ಕೆ ಅಂಟಿಸಿಟ್ಟ ಆ ಮಾದರಿಯಿಂದ, ಅದನ್ನು ನೋಡಿ ಬರೆದ ವರ್ಣನೆಯಿಂದ. ಅವಿಲ್ಲದಿದ್ದರೆ ಜೋಗ ಏನನ್ನು ಕಳೆದುಕೊಂಡಿತೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ತಿಲ್ಲಾರಿಯದನ್ನು ಮರಳಿ ಸಿಕ್ಕಿದ್ದೆನ್ನಲೂ ಆಗುತ್ತಿರಲಿಲ್ಲ. ಹೆಸರಿಲ್ಲದ್ದು ಅಳಿದರೆ ಯಾವ ಪಟ್ಟಿಗೂ ಸೇರುವುದಿಲ್ಲ. ಹಲಕುಂದಿಯ ಕುರಿಗಾಹಿ ಬಲ್ಲ ಹುಲ್ಲುಗಳ ಹೆಸರುಗಳನ್ನಾದರೂ ನಾವು ಕೇಳಿ ಬರೆದಿಟ್ಟುಕೊಳ್ಳಬಾರದೇ?